ಪಟ್ಟಿಯಲ್ಲಿ ಇಲ್ಲದ ಹನ್ನೊಂದು ಲಿಫ್ಟುಗಳು

ನನ್ನ ನಾದಿನಿ, ಅಂದರೆ ನಮ್ಮ ಯಜಮಾನರ ಕೊನೇ ತಂಗಿ, ಕೂತಲ್ಲಿ ಕೂರುವ ಜಾತಿಯಲ್ಲ. ಮದುವೆ ಬೇಡವೆಂದು ಹಟ ಹಿಡಿದು ಹಾಗೇ ಉಳಿದವಳು. ಯಜಮಾನರು ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಹಲ್ಲುಜ್ಜುವಾಗಲೂ ಅವಳಿಗೆ ಮನೆಯೆಲ್ಲ ಸುತ್ತಬೇಕು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಗ್ಯಾಸ್ ಆರಿದೆಯಾ ಎಂದು ಬಗ್ಗಿ ನೋಡುವಳು, ಬಾಗಿಲ ಚಿಲಕ ಎಳೆದು ನೋಡುವಳು. ಒಂದು ಕಡೆ ನಿಲ್ಲು ತಾಯಿ, ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ ಅಂದರೆ, ನೋಡಬೇಡಿ ಅತ್ತಿಗೆ ಅನ್ನುವಳು.

ಲಿಫ್ಟ್ ಕೂರಿಸಿ ನೋಡಿಕೊಳ್ಳುವ ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದಳು. ಟೈಪ್ ಮಷೀನು ಮೂಲೆಗೆ ಬಿದ್ದು ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಮುಖ ಸಿಂಡರಿಸಿದರು. ಇವಳು ನಲವತ್ತೆರಡನೇ ವಯಸ್ಸಿನಲ್ಲಿ ಸಂಜೆ ಕ್ಲಾಸಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಡೇಟಾಬೇಸು, ರಿಪೋರ್ಟು ಅಂತ ಕಲಿತಳು. ಕಲಿತಿದ್ದನ್ನು ಮನೆಗೆ ಬಂದು ನನಗೆ ಒಪ್ಪಿಸಬೇಕು, ಇಲ್ಲದಿದ್ದರೆ ಅವಳಿಗೆ ಅನ್ನ ಇಳಿಯದು. ಹಾಗಾಗಿ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೂ ಅಷ್ಟಿಷ್ಟು ಗೊತ್ತು. ಕಂಪನಿಯ ಲಿಫ್ಟುಗಳೆಲ್ಲ ಒಂದು ಪಟ್ಟಿಯಲ್ಲಿರುತ್ತವೆ. ಮೆಕ್ಯಾನಿಕ್ ಹೋಗಿ ನೋಡಿಬಂದ ದಿನಗಳು ಇನ್ನೊಂದು ಪಟ್ಟಿಯಲ್ಲಿ, ಅದನ್ನು ಅವರೇ ತಮ್ಮ ಫೋನಿನಿಂದ ತುಂಬುತ್ತಾರೆ. ಎರಡರಲ್ಲೂ ಲಿಫ್ಟಿನ ನಂಬರ್ ಇರುತ್ತೆ, ಅದನ್ನು ಹಿಡಿದು ಎರಡನ್ನೂ ಜೋಡಿಸಬೇಕು. ಜೋಡಿಸೋದು ಯಾರು ಬೇಕಾದರೂ ಮಾಡ್ತಾರೆ ಅತ್ತಿಗೆ, ಓದೋನ ಕಣ್ಣಿಗೆ ಯಾವುದು ಮೊದಲು ಬೀಳಬೇಕೋ ಅದು ಬೀಳೋ ಹಾಗೆ ಮಾಡೋದೇ ಕಷ್ಟ, ಅನ್ನುತ್ತಿದ್ದಳು.

ಮೊದಲೆಲ್ಲ ಪ್ರತಿ ತಿಂಗಳು ನಲವತ್ತು ಹಾಳೆಯ ರಿಪೋರ್ಟು ಬರುತ್ತಿತ್ತಂತೆ. ಅದನ್ನು ಓದುತ್ತಿದ್ದವರು ಯಾರೂ ಇಲ್ಲ, ಅದರ ಮೇಲೆ ಟೀ ಲೋಟ ಇಡುತ್ತಿದ್ದರು. ಇವಳು ಅದನ್ನು ಒಂದೇ ಪುಟಕ್ಕೆ ಇಳಿಸಿದಳು. ಬಡಾವಣೆಯ ಹೆಸರು ಒತ್ತಿದರೆ ಅಲ್ಲಿಯ ಲಿಫ್ಟುಗಳು ಕೆಳಗೆ ಬಿಚ್ಚಿಕೊಳ್ಳುತ್ತವೆ. ನೋಡಿ ಬಹಳ ದಿನವಾದದ್ದು ಮೇಲೆ, ನಿನ್ನೆ ಮೊನ್ನೆ ನೋಡಿದ್ದು ಕೆಳಗೆ. ಮೂವತ್ತು ದಿನ ದಾಟಿದರೆ ಹಳದಿ, ನಲವತ್ತೈದು ದಾಟಿದರೆ ಕೆಂಪು, ಉಳಿದದ್ದೆಲ್ಲ ಬಿಳಿ. ಸೋಮವಾರ ಎಂಟು ಗಂಟೆಗೆ ಮಾಲೀಕರಿಂದ ಹಿಡಿದು ಮೆಕ್ಯಾನಿಕ್ಕುಗಳವರೆಗೆ ಇಪ್ಪತ್ತಾರು ಜನಕ್ಕೆ ತಾನಾಗಿಯೇ ಹೋಗುತ್ತದೆ. ಶುರುವಿನಲ್ಲಿ ಹತ್ತೊಂಬತ್ತು ಕೆಂಪು ಇದ್ದವು. ನಾಲ್ಕು ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಮ್ಯಾನೇಜರ್ ಆ ಹಾಳೆಯನ್ನು ಬಾಗಿಲಿಗೆ ಅಂಟಿಸಿದರು. ಮೆಕ್ಯಾನಿಕ್ಕುಗಳು ತಮ್ಮ ಡೈರಿಗಳನ್ನು ಎಸೆದು ರಿಪೋರ್ಟು ಹೇಳಿದ ಕಡೆಗೆ ಹೋಗತೊಡಗಿದರು. ಇವಳಿಗೆ ಪಟ್ಟಿಯಮ್ಮ ಅಂತ ಹೆಸರಿಟ್ಟರು. ಮನೆಯಲ್ಲಿ ಅದನ್ನು ಹೇಳಿ ತಾನೇ ನಗುತ್ತಿದ್ದಳು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನನ್ನ ದವಡೆ ಹಲ್ಲು ಕೀಳಿಸಲು ಹೋದೆವು. ಡಾಕ್ಟರು ಐದನೇ ಮಹಡಿಯಲ್ಲಿ. ಹತ್ತುವಾಗ ಲಿಫ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಇಳಿಯುವಾಗ ನಾವಿಬ್ಬರೇ. ನನ್ನ ಬಾಯಿ ತುಂಬ ಹತ್ತಿ. ಗೋಡೆಯ ಮೇಲೆ ಕಂಪನಿಯ ಕಾರ್ಡು ಇತ್ತು, ಮೆಕ್ಯಾನಿಕ್ ಬಂದಾಗೆಲ್ಲ ಸಹಿ ಹಾಕುವುದಕ್ಕೆ. ಲಿಫ್ಟ್ ಕೂರಿಸಿದ ತಾರೀಕು ಮೇಲೆ ಬರೆದಿತ್ತು, ಏಳು ತಿಂಗಳ ಹಿಂದಿನದು. ಅದರ ಕೆಳಗೆ ಒಂದು ಸಹಿಯೂ ಇಲ್ಲ.

ಅವಳು ಮೂರನೇ ಮಹಡಿಯ ಗುಂಡಿ ಒತ್ತಿ, ನನ್ನ ಕೈ ಹಿಡಿದು ಹೊರಗೆಳೆದಳು. ನನ್ನ ಮೊಣಕಾಲು ನೋವು ಗೊತ್ತಿದ್ದೂ ಮೆಟ್ಟಿಲಿನಲ್ಲಿ ಇಳಿಸಿದಳು. ಬೈಯೋಣವೆಂದರೆ ಬಾಯಲ್ಲಿ ಹತ್ತಿ.

"ಅತ್ತಿಗೆ, ಈ ಬಿಲ್ಡಿಂಗು ನನ್ನ ರಿಪೋರ್ಟಲ್ಲೇ ಇಲ್ಲ," ಅಂದಳು. "ಕೆಂಪಲ್ಲೂ ಇಲ್ಲ, ಬಿಳಿಯಲ್ಲೂ ಇಲ್ಲ."

ಕೆಳಗೆ ವಾಚ್‌ಮನ್ ಹೇಳಿದ, ಕೂರಿಸಿ ಹೋದವರು ಹೋದರು, ಮತ್ತೆ ಒಂದು ನರಪಿಳ್ಳೆಯೂ ಈ ಕಡೆ ಬಂದಿಲ್ಲ ಎಂದು. ಇವಳು ಆಫೀಸಿನ ಗುರುತಿನ ಚೀಟಿ ತೋರಿಸಿ ಲಿಫ್ಟ್ ನಿಲ್ಲಿಸು ಅಂದಳು. ಬಿಲ್ಡಿಂಗಿನವರು ನನ್ನ ತಲೆ ತಿಂತಾರಮ್ಮ ಎಂದು ಗೊಣಗಿ, ಊಟದ ಹೊತ್ತಿನ ತನಕ ನಿಲ್ಲಿಸುತ್ತೇನೆ ಎಂದು ಒಪ್ಪಿದ. ಮ್ಯಾನೇಜರಿಗೆ ಫೋನು ಮಾಡಿದರೆ ಎತ್ತಲಿಲ್ಲ. ನನ್ನನ್ನು ಮನೆಗೆ ಬಿಟ್ಟು ಹೋಗುವಷ್ಟೂ ವ್ಯವಧಾನವಿಲ್ಲದೆ ಆಟೋದಲ್ಲಿ ಹಾಕಿಕೊಂಡು ಆಫೀಸಿಗೇ ಕರೆದೊಯ್ದಳು.

ಖಾಲಿ ಆಫೀಸು. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಕವುಚಿ ಹಾಕಿದ್ದರು. ಅವಳು ನಿಂತುಕೊಂಡೇ ಕಂಪ್ಯೂಟರ್ ಹಚ್ಚಿದಳು. ಹತ್ತು ನಿಮಿಷ ಒಂದೊಂದೇ ಪಟ್ಟಿ ತೆರೆದು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು. ಏನಾಗಿತ್ತೆಂದರೆ, ಅವಳು ಜೋಡಿಸುವಾಗ ಮೆಕ್ಯಾನಿಕ್ ಹೋಗಿಬಂದ ಪಟ್ಟಿಯಿಂದ ಶುರು ಮಾಡಿದ್ದಳು. ಒಂದು ಸಲವಾದರೂ ಹೋಗಿಬಂದಿದ್ದರೆ ಆ ಲಿಫ್ಟು ರಿಪೋರ್ಟಿಗೆ ಬರುತ್ತೆ. ಒಂದು ಸಲವೂ ಹೋಗದಿದ್ದರೆ ಜೋಡಿಸಲು ಏನೂ ಇಲ್ಲದೆ, ಸದ್ದಿಲ್ಲದೆ ಉದುರಿ ಹೋಗುತ್ತೆ. ಮೆಕ್ಯಾನಿಕ್ಕುಗಳು ರಿಪೋರ್ಟು ನೋಡಿ ಹೋಗುವವರು. ರಿಪೋರ್ಟಿನಲ್ಲಿಲ್ಲದ ಲಿಫ್ಟಿಗೆ ಯಾರು ಹೋಗುತ್ತಾರೆ?

ಜೋಡಣೆ ತಿರುಗಿಸಿ ಹಾಕಿದಳು. ಈಗ ಲಿಫ್ಟುಗಳ ಪಟ್ಟಿಯೇ ಮೊದಲು, ಹೋಗಿಬಂದ ದಿನ ಇದ್ದರೆ ಸರಿ, ಇಲ್ಲದಿದ್ದರೂ ಲಿಫ್ಟು ಬರಲೇಬೇಕು. ಹನ್ನೊಂದು ಹೊಸವು ಬಂದವು. ಆದರೆ ಬೆಳ್ಳಗೆ ಬಂದು, ಕೊಟ್ಟ ಕೊನೆಯಲ್ಲಿ, ಎಲ್ಲ ಸರಿಯಿರುವ ಲಿಫ್ಟುಗಳ ಜೊತೆ ಸಭ್ಯಸ್ಥರಂತೆ ಕೂತಿದ್ದವು. ನೋಡಿದ ದಿನವೇ ಇಲ್ಲದ ಮೇಲೆ ಆ ಜಾಗ ಖಾಲಿ, ಖಾಲಿ ಅನ್ನುವುದು ನಲವತ್ತೈದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಕೆಂಪು ಹಚ್ಚಲು ಕಂಪ್ಯೂಟರಿಗೆ ಕಾರಣವೇ ಸಿಕ್ಕಿಲ್ಲ. ಖಾಲಿ ಇದ್ದರೆ ಎಲ್ಲಕ್ಕಿಂತ ಮೊದಲು ಕೆಂಪು, ಎಲ್ಲಕ್ಕಿಂತ ಮೇಲೆ ಎಂದು ಮತ್ತೆ ಬರೆದಳು. ಪುಟದ ತಲೆಯ ಮೇಲೆ ಹನ್ನೊಂದು ಕೆಂಪು ಗೆರೆ ನಿಂತವು. ದಿನಾ ಎಷ್ಟು ಜನ ಹತ್ತಿ ಇಳಿಯುತ್ತಾರೋ ಅಂದಳು.

ಅಷ್ಟರಲ್ಲಿ ಮ್ಯಾನೇಜರೇ ಫೋನು ಮಾಡಿದರು, ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾರನೇ ದಿನ ಮಾಲೀಕರ ಮೀಟಿಂಗು, ಒಂದೂ ಕೆಂಪಿಲ್ಲವೆಂದು ತೋರಿಸಿ ಹೊಗಳಿಸಿಕೊಳ್ಳುವ ದಿನ. ವಾರದೊಳಗೆ ಮೆಲ್ಲಗೆ ಒಬ್ಬೊಬ್ಬರನ್ನೇ ಕಳಿಸೋಣ, ಮುಂದಿನ ಸೋಮವಾರ ಸೇರಿಸಿ, ಈಗ ಯಾರಿಗೂ ಹೇಳಬೇಡಿ ಎಂದು ಬುದ್ಧಿ ಹೇಳಿದರು. ಇವಳು ಫೋನು ಹಿಡಿದು ಮೇಜುಗಳ ಸುತ್ತ ಮೂರು ಸುತ್ತು ಹಾಕಿದಳು.

"ತಪ್ಪು ನಂದು ಸಾರ್. ನನ್ನ ಹೆಸರು ಹಾಕೇ ಕಳಿಸ್ತೀನಿ."

"ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಯೋಚನೆ ಮಾಡಿ ಮೇಡಂ."

"ಅದನ್ನೇ ಮಾಡ್ತಾ ಇದೀನಿ."

ಇಪ್ಪತ್ತಾರು ಜನಕ್ಕೂ ಹೋಯಿತು. ಕೆಳಗೆ ಎರಡೇ ಸಾಲು ಬರೆದಿದ್ದಳು, ಇಷ್ಟು ದಿನ ಇವು ಕಾಣದಿದ್ದದ್ದು ನನ್ನ ತಪ್ಪು, ಇವತ್ತೇ ನಿಲ್ಲಿಸಿ ಅಥವಾ ನೋಡಿ ಎಂದು. ಕೂಡಲೇ ಮಾಲೀಕರಿಂದ ಎಲ್ಲರಿಗೂ ಒಂದೇ ಮಾತು ಬಂತು: ಹೋಗಿ. ಅವಳು ಮೆಕ್ಯಾನಿಕ್ಕುಗಳಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಮಧ್ಯಾಹ್ನದ ನಿದ್ದೆ ಕೆಟ್ಟ ಸಿಟ್ಟಿಗೆ ಒಬ್ಬ, ಪಟ್ಟಿಯಮ್ಮ, ನೀವು ಭಾನುವಾರಾನೂ ಕೆಂಪು ಮಾಡಿಬಿಟ್ರಲ್ಲ ಅಂದ. ಬೈದುಕೊಂಡೇ ಹೋದ, ಪಾಪ.

ನಾಲ್ಕು ಗಂಟೆಯೊಳಗೆ ಹತ್ತು ಲಿಫ್ಟುಗಳನ್ನು ನೋಡಿದ್ದೋ ನಿಲ್ಲಿಸಿದ್ದೋ ಆಯಿತೆಂದು ಸುದ್ದಿ ಬಂತು. ಹನ್ನೊಂದನೆಯದಕ್ಕೆ ಹೋಗಬೇಕಾದವನ ಫೋನು ಸ್ವಿಚ್ ಆಫ್. ಅವನ ಹೆಂಡತಿಗೆ ಫೋನು ಮಾಡಿ ಹೇಳಿ, ಅವನು ಬರುವ ತನಕ ಯಾರೂ ಹತ್ತದ ಹಾಗೆ ಕಾಯೋಣ ಎಂದು ನಾವೇ ಅಲ್ಲಿಗೆ ಹೋದೆವು. ಆರು ಅಂತಸ್ತಿನ ಅಪಾರ್ಟ್‌ಮೆಂಟು, ವಾಚ್‌ಮನ್ ಕಾಣಲಿಲ್ಲ. ಅವಳು ಲಿಫ್ಟಿನ ಬಾಗಿಲ ಒಂದು ಕಡೆ ನಿಂತಳು, ನನ್ನನ್ನು ಇನ್ನೊಂದು ಕಡೆ ನಿಲ್ಲಿಸಿದಳು. ತರಕಾರಿ ಚೀಲ ಹಿಡಿದು ಬಂದ ಹೆಂಗಸೊಬ್ಬಳು, ನೀವ್ಯಾರು ನಮ್ಮ ಲಿಫ್ಟಿಗೆ ಕಾವಲು ನಿಲ್ಲೋದಕ್ಕೆ ಎಂದು ಏರಿಬಂದಳು. ಒಬ್ಬ ಗಂಡಸು ನಕ್ಕು, ಅಜ್ಜಿ, ಟಿಕೆಟ್ ಕೊಡ್ತೀರಾ ಅಂದ. ಅಷ್ಟೊತ್ತಿಗೆ ನನ್ನ ಬಾಯಲ್ಲಿ ಹತ್ತಿ ಇರಲಿಲ್ಲ. ನಿಮ್ಮಮ್ಮನನ್ನು ಇದರಲ್ಲಿ ಕಳಿಸೋ ಹಾಗಿದ್ರೆ ಹತ್ತಪ್ಪ, ನಾನು ಬಿಡ್ತೀನಿ ಅಂದೆ. ಮೆಟ್ಟಿಲಿನ ಕಡೆ ನಡೆದ.

ಮುಕ್ಕಾಲು ಗಂಟೆಯಾದ ಮೇಲೆ ಆ ಮೆಕ್ಯಾನಿಕ್ಕೇ ಬಂದ. ಸಿನಿಮಾದಲ್ಲಿದ್ದನಂತೆ. ಮುಖ ಊದಿಸಿಕೊಂಡೇ ಮೇಲಿನ ಮಷೀನ್ ರೂಮಿಗೆ ಹೋದ. ಇಳಿದು ಬರುವಾಗ ಮುಖ ಬೇರೆಯೇ ಆಗಿತ್ತು. ಬ್ರೇಕಿಗೆ ಎಣ್ಣೆ ಸೋರಿ ಹಿಡಿತವೇ ಇಲ್ಲ, ಕರೆಂಟು ತೆಗೆದು ಬಂದಿದ್ದೇನೆ, ಇದು ಮೂರು ದಿನ ಓಡೋದಿಲ್ಲ ಎಂದು ಮೆಲ್ಲಗೆ ಹೇಳಿದ. ತರಕಾರಿ ಚೀಲದ ಹೆಂಗಸು ಅಲ್ಲೇ ಇದ್ದಳು. ಚೀಲ ಕೆಳಗಿಟ್ಟಳು.

ನನ್ನ ನಾದಿನಿಗೆ ಅದೂ ಸಾಲದು.

"ನನಗೆ ಹೇಳಿದ್ರೆ ಆಗಲಿಲ್ಲಪ್ಪ. ಫೋನಲ್ಲಿ ಬರಿ, ಈಗ್ಲೇ, ನನ್ನ ಎದುರಿಗೆ."

ಅವನು ಒರಸಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರೆ, ಅವಳು ಅವನ ಹೆಗಲ ಮೇಲಿಂದ ಬಗ್ಗಿ, ತಾರೀಕು ಬಿಟ್ಟೆ ನೋಡು, ತಾರೀಕು ಹಾಕು ಅನ್ನುತ್ತಿದ್ದಳು.