ಮಣೆಗೆ ಬಗ್ಗದ ಹೊಸ ಮೊಣಕಾಲು

ಬೆಳಗಿನ ಲಿಂಗಪೂಜೆ ಮುಗಿಯಿತು. ಲಿಂಗವನ್ನು ಕರಡಿಗೆಯೊಳಗೆ ಇಟ್ಟುಕೊಂಡೆ. ಮಣೆಯಿಂದ ಏಳಲು ಹೋದೆ.

ಏಳಲಾಗಲಿಲ್ಲ.

ಬಲಗಾಲಿನ ಮೊಣಕಾಲೊಳಗೆ ಯಾರೋ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದು ನೋಡಿದೆ, ನೆಲಕ್ಕೆ ಕೈ ಊರಿ ನೋಡಿದೆ. ಕೊನೆಗೆ "ರೀ, ಬನ್ನಿ ಇಲ್ಲಿ" ಎಂದು ಕೂಗಿದೆ. ಯಜಮಾನರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ನಾನು ಯಾರನ್ನೂ ಸಹಾಯಕ್ಕೆ ಕರೆಯುವವಳಲ್ಲ. ಅದಕ್ಕೇ ಏನೋ, ಅವರ ಮುಖ ನನ್ನದಕ್ಕಿಂತ ಹೆಚ್ಚು ಬಾಡಿತ್ತು.

ಹುಡುಗಿಯಾಗಿದ್ದಾಗ ದೀಕ್ಷೆಯಾದಂದಿನಿಂದ ಪೂಜೆ ಮಾಡದೆ ಬಾಯಿಗೆ ತುತ್ತು ಇಟ್ಟವಳಲ್ಲ ನಾನು. ಚಕ್ಕಳಮಕ್ಕಳ ಹಾಕಿ ಮಣೆಯ ಮೇಲೆ ಕೂತು, ವಿಭೂತಿ ಧರಿಸಿ, ಎಡಗೈಯ ಮೇಲೆ ಲಿಂಗ ಇಟ್ಟುಕೊಂಡು, ಕಣ್ಣಿನ ನೇರಕ್ಕೆ ಎತ್ತಿ ಅದನ್ನೇ ನೋಡುತ್ತಾ ಇರುವುದು. "ಕಾಲು ಇಳಿಬಿಟ್ಕೊಂಡು ಲಿಂಗ ಹಿಡೀಬಾರ್ದು ಕಣವ್ವ" ಎಂದು ನಮ್ಮಜ್ಜಿ ಹೇಳಿಕೊಟ್ಟಿದ್ದರು. ನನ್ನ ದಿನ ಶುರುವಾಗುವುದೇ ಆ ಮಣೆಯಿಂದ. ಅದು ತಪ್ಪಿದರೆ ನಾನು ನಾನಲ್ಲ.

ಎಕ್ಸ್‌ರೇ ನೋಡಿ ಡಾಕ್ಟರು, ಎರಡೂ ಮಂಡಿ ಸವೆದಿವೆ, ಬಲಗಾಲಿನದಂತೂ ಪೂರ್ತಿ ಹೋಗಿದೆ, ನೀ ರಿಪ್ಲೇಸ್‌ಮೆಂಟ್ ಬಿಟ್ಟರೆ ಬೇರೆ ದಾರಿ ಇಲ್ಲ ಎಂದರು. ಆಮೇಲೆ ಕೇಳಿದರು, "ಆಪರೇಷನ್ ಆದ್ಮೇಲೆ ಏನೇನು ಮಾಡ್ಬೇಕು ಅಂತಿದೆ ನಿಮಗೆ?"

"ನೋವಿಲ್ಲದೆ ನಡೀಬೇಕು ಸಾರ್, ಇನ್ನೇನು" ಅಂದೆ.

ಮಣೆಯ ಮಾತು ಎತ್ತಲಿಲ್ಲ. ಎತ್ತಬೇಕೆಂದು ಹೊಳೆಯಲೇ ಇಲ್ಲ. ಹೊಸ ಮೊಣಕಾಲು ಹಾಕಿದ ಮೇಲೆ ಅದು ಮಡಚದೆ ಇರುತ್ತದೆಯೇ? ಯಜಮಾನರು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡಿಕೊಂಡಿದ್ದು ರಿಟೈರ್ ಆದವರು. ಕುವೆಂಪುನಗರದ ಮನೆಗೆ ವಾಪಸು ಬರುವಾಗ ಆಟೋದಲ್ಲಿ ನನಗೆ ಪಾಠ ಮಾಡಿದರು. "ಬೇರಿಂಗ್ ಬದಲಾಯಿಸ್ದಂಗೆ ಕಣೇ ಗಿರಿಜಾ. ಹೊಸದು ಹಾಕಿದ್ರೆ ಹಳೇದಕ್ಕಿಂತ ಚೆನ್ನಾಗೇ ತಿರುಗುತ್ತೆ." ಅಲ್ಲಿಗೆ ಇಬ್ಬರಿಗೂ ಸಮಾಧಾನವಾಯಿತು.

ನನ್ನನ್ನು ನೋಡಿ, ಮಂಡಿನೋವಿದ್ದ ಮಂಗಳಕ್ಕನೂ ಆಪರೇಷನ್‌ಗೆ ಹೊರಟರು. ಅವರು ನಮ್ಮ ಭಾವನ ಹೆಂಡತಿ, ಪಕ್ಕದ ರಸ್ತೆಯಲ್ಲೇ ಮನೆ. ಒಂದೇ ವಾರ, ಒಂದೇ ಡಾಕ್ಟರು, ಒಂದೇ ಆಪರೇಷನ್. ಆದರೆ ಮಂಗಳಕ್ಕನಿಗೆ ಈ ಭೂಮಿಯ ಮೇಲೆ ಯಾವುದೂ ಸರಿಬಂದದ್ದಿಲ್ಲ. ಹೋಳಿಗೆ ತಿನ್ನುತ್ತಾ ಹೂರಣ ಜಾಸ್ತಿಯಾಯಿತು ಎನ್ನುವ ಹೆಂಗಸು. ನಮ್ಮ ಮನೆಯಲ್ಲಿ ಎಲ್ಲರೂ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು: ಗಿರಿಜಾಳ ಕಾಲು ಗೆಲ್ಲುತ್ತದೆ, ಮಂಗಳಕ್ಕನದು ಗೋಳಾಗುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ.

ಆಪರೇಷನ್ ಸಲೀಸಾಗಿ ಆಯಿತು. ಆಮೇಲಿನ ನೋವು ಮಾತ್ರ ಶಿವಶಿವಾ, ಶತ್ರುವಿಗೂ ಬೇಡ. ಆದರೆ ನನ್ನ ಹಟ ನಿಮಗೆ ಗೊತ್ತಿಲ್ಲ. ಫಿಸಿಯೋಥೆರಪಿಯ ಹುಡುಗಿ "ಸಾಕು ಆಂಟಿ, ನಾಳೆ ಮಾಡೋಣ" ಎಂದರೂ ಹಲ್ಲು ಕಚ್ಚಿ ಇನ್ನೊಂದು ಸಲ ಮಡಚುತ್ತಿದ್ದೆ. ಆಚೆ ಹಾಸಿಗೆಯಲ್ಲಿ ಮಂಗಳಕ್ಕ ಇಡ್ಲಿಯಿಂದ ಹಿಡಿದು ಫ್ಯಾನಿನವರೆಗೆ ಎಲ್ಲವನ್ನೂ ಬೈಯುತ್ತಾ ಮಲಗಿದ್ದರು. ಪೂಜೆಯನ್ನು ಮಂಚದ ಮೇಲೆ ಕಾಲು ಚಾಚಿಕೊಂಡೇ ಮಾಡಿದೆ. ಆಸ್ಪತ್ರೆಯಲ್ಲವೇ, ನಾಲ್ಕು ದಿನ ಶಿವನೂ ಮಾಫಿ ಮಾಡುತ್ತಾನೆ ಅಂದುಕೊಂಡೆ.

ಡಿಸ್ಚಾರ್ಜ್ ದಿನ ಡಾಕ್ಟರು ಹೇಳಿದರು, "ಕಮೋಡೇ ಉಪಯೋಗಿಸಿ. ನೆಲದ ಮೇಲೆ ಕೂತ್ಕೋಬೇಡಿ."

"ಎಷ್ಟು ದಿನ ಸಾರ್?"

"ದಿನ ಅಲ್ಲಮ್ಮ. ಇನ್ಮೇಲೆ ಕೂರೋದೇ ಬೇಡ."

ನಮ್ಮನೆಯ ಮಣೆ ಕಣ್ಣ ಮುಂದೆ ಬಂತು.

ಮನೆಗೆ ಬಂದೆ. ನೋಡಲು ಬಂದವರಿಗೆಲ್ಲ ವರಾಂಡದಲ್ಲಿ ನಡೆದು ತೋರಿಸಿದೆ. "ಹೆಂಗಿದೆ ಗಿರಿಜಮ್ಮ?" ಎಂದರೆ "ಫಸ್ಟ್ ಕ್ಲಾಸ್!" ನಡಿಗೆಯ ಮಟ್ಟಿಗೆ ಅದು ನಿಜವೂ ಹೌದು. ವಾಕರ್ ಹೋಯಿತು, ಕೋಲೂ ಹೋಯಿತು. ಆದರೆ ಬೆಳಗಾದರೆ ಪೂಜೆಯ ಕೋಣೆಯ ಬಾಗಿಲವರೆಗೆ ಹೋಗಿ ನಿಂತು, ಮಣೆ ನೋಡಿ, ವಾಪಸು ಬಂದುಬಿಡುತ್ತಿದ್ದೆ. ಮಂಚದ ಮೇಲೆ ಕಾಲು ಚಾಚಿ ಕೂತು, ಕದ್ದು ಮಾಡಿದ ಹಾಗೆ ಅವಸರದಲ್ಲಿ ಪೂಜೆ ಮುಗಿಸುತ್ತಿದ್ದೆ. ಲಿಂಗವನ್ನು ನೆಟ್ಟಗೆ ನೋಡಲು ನಾಚಿಕೆ. ಅನ್ನ ಸೇರುತ್ತಿರಲಿಲ್ಲ. ಸಿಟ್ಟೆಲ್ಲ ಯಜಮಾನರ ಮೇಲೆ. "ನಿಮ್ಮ ಬೇರಿಂಗಿಗೆ ಬೆಂಕಿ ಬೀಳ" ಎಂದು ಬೈದೆ. ಪಾಪ, ಅವರು ತಲೆ ತಗ್ಗಿಸಿಕೊಂಡು ಪೇಪರ್ ಓದಿದರು.

ಚೆಕಪ್ಪಿಗೆ ನಾನು, ಮಂಗಳಕ್ಕ ಒಟ್ಟಿಗೇ ಹೋದೆವು. ಡಾಕ್ಟರು ಕಾಲು ಮಡಚಿಸಿ ನೋಡಿ, ಇಬ್ಬರಿಗೂ ಚೆನ್ನಾಗಿ ಆಗಿದೆ, ಗಿರಿಜಮ್ಮನದು ಇನ್ನೂ ಚೆನ್ನಾಗಿ ಬಗ್ಗುತ್ತದೆ ಎಂದರು. "ತೃಪ್ತಿ ಇದೆಯಾ?"

ಮಂಗಳಕ್ಕ ಶುರು ಮಾಡಿದರು. ಮೆಟ್ಟಿಲಿಳಿಯುವಾಗ ಟಕ್ ಅನ್ನುತ್ತದೆ, ಗಾಯದ ಪಕ್ಕ ಮರಗಟ್ಟಿದೆ, ಮಾತ್ರೆ ಕಹಿ. ಅದು ಮುಗಿಯುವವರೆಗೆ ಕಾದು ನಾನು "ಫಸ್ಟ್ ಕ್ಲಾಸ್ ಸಾರ್" ಅಂದೆ.

"ಯಾಕೆ ಸುಳ್ಳು ಹೇಳ್ತೀಯೇ?" ಮಂಗಳಕ್ಕ ನನ್ನ ಕಡೆ ತಿರುಗಿದರು. "ನೆಟ್ಟಗೆ ಊಟ ಮಾಡ್ತಿಲ್ಲ ಸಾರ್ ಇವಳು. ನೆಲದ್ ಮೇಲೆ ಕೂತು ಪೂಜೆ ಮಾಡಕ್ಕಾಗಲ್ಲ ಅಂತ ಒಳಗೊಳಗೇ ಕೊರಗ್ತಾವ್ಳೆ. ಇವಳ ಗಂಡ ಬಂದು ನನ್ನ ಹತ್ರ ಅತ್ತುಬುಟ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲೇ ಕೇಳಬಾರದಿತ್ತೇನಮ್ಮ?"

"ನಾನು ಕೇಳಿದ್ದೆ" ಎಂದರು ಮಂಗಳಕ್ಕ. "ಮೊದಲನೇ ದಿನವೇ. ಆಗಲ್ಲ ಅಂದ್ರಿ. ಸರಿ ಅಂತ ಪೂಜೆಗೆ ಕುರ್ಚಿ ತರಿಸಿಟ್ಕೊಂಡೇ ಆಪರೇಷನ್‌ಗೆ ಬಂದೆ. ಇವಳಿಗೂ ಗೊತ್ತಿದೆ ಅಂದ್ಕೊಂಡಿದ್ದೆ."

"ಹಂಗಾದ್ರೆ ನಿಮಗೆ ಕಾಲು ತೃಪ್ತಿಯಾಗಿದೆಯಾ ಅಕ್ಕ?" ಎಂದು ಕೇಳಿದೆ.

"ಆಗದೆ ಏನೇ? ಗೊಣಗೋದು ನನ್ನ ಬಾಯಿ. ಕಾಲಿಗೇನು ಬಂದಿದೆ ರೋಗ?"

ಡಾಕ್ಟರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಎಲ್ಲದಕ್ಕೂ ತಕರಾರು ತೆಗೆಯುವ ಈ ಹೆಂಗಸು, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ಕೇಳಿ ತಿಳಿದು, ಅತ್ತು, ಬೈದು, ಮುಗಿಸಿ ಬಂದಿದ್ದರು. ನಾನು ಎಲ್ಲವೂ ಸಿಗುತ್ತದೆ ಎಂದು ಧೈರ್ಯವಾಗಿ ಹೋದವಳು. ಸಿಗದೇ ಹೋದದ್ದನ್ನು ಬಾಯಿಬಿಟ್ಟು ಹೇಳಲೂ ಆಗದೆ ಫಸ್ಟ್ ಕ್ಲಾಸ್ ಎನ್ನುತ್ತಾ ಓಡಾಡುತ್ತಿದ್ದೆ. ನನ್ನ ಧೈರ್ಯ ಸುಳ್ಳಲ್ಲ. ಆದರೆ ಅದು ಕೇಳಬೇಕಾದ ಮಾತನ್ನು ಕೇಳಗೊಡಲಿಲ್ಲ.

ಮರುದಿನ ಬೆಳಿಗ್ಗೆ ಮಂಗಳಕ್ಕ ನಮ್ಮ ಮನೆಗೇ ಬಂದರು. ಪೂಜೆಯ ಕೋಣೆಗೆ ಎರಡು ಕುರ್ಚಿ ಹಾಕಿಸಿದರು. ಒಂದರಲ್ಲಿ ತಾವು ಕೂತರು.

"ಕಾಲು ಇಳಿಬಿಟ್ಕೊಂಡು ಹಿಡೀಬಾರ್ದು ಅಂತಿದ್ರು ನಮ್ಮಜ್ಜಿ" ಅಂದೆ.

"ನಿಮ್ಮಜ್ಜಿಗೆ ಇಂಥಾ ಕಾಲಿತ್ತೇನೇ? ಕೂತ್ಕೋ."

ಕೂತೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೈ ಎತ್ತಿದೆ. ಅದೇ ಎತ್ತರ. ಅದೇ ಕಣ್ಣಿನ ನೇರ. ದುಃಖ ಒತ್ತರಿಸಿ ಬಂತು. "ಬೇಜಾರಾಗುತ್ತೆ ಅಕ್ಕ" ಅಂದೆ. ಇಷ್ಟು ದಿನದಲ್ಲಿ ಆ ಮಾತು ಹೇಳಿದ್ದು ಅದೇ ಮೊದಲು.

"ಆಗುತ್ತೆ. ಆಗ್ಲಿ, ಪೂಜೆ ಮಾಡು."

ಮಾಡಿದೆ. ಅವಸರವಿಲ್ಲದೆ, ಕಣ್ಣು ತುಂಬ ನೋಡುತ್ತಾ. ಅವತ್ತು ಮಧ್ಯಾಹ್ನ ಇನ್ನೊಂದು ಸಲ ಅನ್ನ ಬಡಿಸಿಕೊಂಡೆ.

ನೆಲ ಹೋಯಿತಲ್ಲ ಎಂಬ ಸಂಕಟ ಈಗಲೂ ಇದೆ, ಕೇಳಿದವರಿಗೆ ಮುಚ್ಚಿಡುವುದಿಲ್ಲ. ನಡೆಯುವುದು ಸಿಕ್ಕಿತು, ಅದಕ್ಕೆ ದಿನಾ ಶಿವನಿಗೂ ಡಾಕ್ಟರಿಗೂ ಕೈ ಮುಗಿಯುತ್ತೇನೆ. ಮುಂದಿನ ತಿಂಗಳು ಎಡಗಾಲಿನ ಆಪರೇಷನ್. ಏನು ಸಿಗುವುದಿಲ್ಲ ಎಂದು ಗೊತ್ತಿದ್ದೇ ಹೋಗುತ್ತಿದ್ದೇನೆ.