ಡೆಲ್ ಮಾರ್ ದಾರಿಯಲ್ಲಿ ಅರ್ಧ ಹೇಳಿದ ಪದ

ಭಾವ ಹಾಡತೊಡಗಿದ್ದು ಅರ್ಧ ದಾರಿ ಕಳೆದು ಸ್ಯಾನ್ ಕ್ಲೆಮೆಂಟೆ ಹತ್ತಿರ ಬಂದ ಮೇಲೆಯೇ? ಟೊರೆನ್ಸ್‌ನಲ್ಲಿ ಕಾರು ಹತ್ತಿದಾಗಿನಿಂದಲೂ ಹಾಡುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನಂಬಲಾರೆ. ದಾರಿಯ ನಡುವೆ ಹುಟ್ಟಿದ ಭಯವನ್ನು ನೆನಪು ನಾವು ಹೊರಟ ಗಳಿಗೆಗೂ ಬಳಿದಿರಬಹುದು.

೨೦೨೧ರ ಜೂನ್. ಮಾರನೆಯ ಬೆಳಿಗ್ಗೆ ಸ್ಯಾನ್ ಡಿಯಾಗೊದಲ್ಲಿ ಭಾವನಿಗೆ ಹೃದಯದ ಆಪರೇಷನ್. ಅಕ್ಕ ಮೊದಲೇ ಅಲ್ಲೇ ಹತ್ತಿರದ ಡೆಲ್ ಮಾರ್‌ನ ಮಗಳ ಮನೆ ಸೇರಿದ್ದಳು. ಹತ್ತಿರ ಹತ್ತಿರ ನೂರು ಮೈಲಿ ಡ್ರೈವ್ ಮಾಡಿ ಅವರನ್ನು ಅಲ್ಲಿಗೆ ಬಿಡುವುದು ನನ್ನ ಕೆಲಸ.

ಉಡುಪಿಯ ಈ ಮನುಷ್ಯ ಮಾತಿನಲ್ಲೂ ದುಡ್ಡಿನಲ್ಲೂ ಬಲು ಜಿಪುಣ. ಹಳೆಯ ಸ್ಕಾಟ್ಸ್ ಭಾಷೆಯ ಲಾವಣಿಗಳನ್ನು ಕನ್ನಡಕ್ಕೆ ತರುವಾಗ ಪದ ಸಿಕ್ಕದಿದ್ದರೆ ನಾನು ಅವರಿಗೇ ಫೋನ್ ಮಾಡುತ್ತಿದ್ದೆ. ಒಂದು ಪದ ಹೇಳಿ ಇಟ್ಟುಬಿಡುತ್ತಿದ್ದರು. ಅಂದು ಮಾತ್ರ ಹಾಡು, ತಮಾಷೆ. ಸ್ಯಾನ್ ಕ್ಲೆಮೆಂಟೆಯಲ್ಲಿ ಕಾಫಿಗೆ ನಿಂತಾಗ ಸಾಲಿನಲ್ಲಿ ಹಿಂದಿದ್ದ ಅಪರಿಚಿತನ ಆರು ಡಾಲರಿನ ಕಾಫಿಗೂ ತಾವೇ ದುಡ್ಡು ಕೊಟ್ಟರು. ಮಂಜಿನಲ್ಲಿ ಕಡಲು ಕಾಣುತ್ತಿರಲಿಲ್ಲ.

ಮತ್ತೆ ಕಾರು ಹತ್ತಿದ ಮೇಲೆ ಕೇಳಿದರು, “ಈಗ ಎಂತ ಪದಕ್ಕೆ ಸಿಕ್ಕಿಬಿದ್ದಿದ್ದಿ ಮಾರಾಯ್ತಿ? ತಿಂಗಳಾಯ್ತು, ಫೋನೇ ಇಲ್ಲ.”

ಫೋನ್ ಮಾಡದಿದ್ದುದಕ್ಕೆ ಆ ಪದವೇ ಕಾರಣ. ‘ಫೇ’. ಸಾವು ನಿಶ್ಚಯವಾಗಿರುವವನು ಎಂದು ಅರ್ಥ. ಅಂಥವನಲ್ಲಿ ಇದ್ದಕ್ಕಿದ್ದಂತೆ ಉಕ್ಕುವ, ಅವನದಲ್ಲದ ಉಲ್ಲಾಸಕ್ಕೂ ಅದೇ ಪದ. ಯುದ್ಧಕ್ಕೋ ಕಡಲಿಗೋ ಹೊರಟ ಮೌನಿ ಹಾಡಿದರೆ, ಜಿಪುಣ ಕೈಬಿಚ್ಚಿ ಕೊಟ್ಟರೆ, ಲಾವಣಿಯಲ್ಲಿ ನೆರೆಯವರು ಅವನನ್ನು ಫೇ ಎನ್ನುತ್ತಾರೆ. ಅವನು ಹಿಂತಿರುಗುವುದಿಲ್ಲ.

ಪದ ಹೇಳಿದೆ. “ಅತಿ ಉಲ್ಲಾಸ ಅಂತ, ಭಾವ,” ಎಂದೆ. ಉಳಿದರ್ಧ ನುಂಗಿಕೊಂಡೆ.

“ಹಾಗಾದ್ರೆ ಇವತ್ತು ನಾನೇ ಫೇ.”

ಡೆಲ್ ಮಾರ್ ತಲುಪುವವರೆಗೆ ನಾನು ಲೇನ್ ಬದಲಿಸಲಿಲ್ಲ.

ಕೋವಿಡ್ ಕಾರಣ ಆಸ್ಪತ್ರೆಯೊಳಗೆ ಒಬ್ಬರಿಗಷ್ಟೇ ಪ್ರವೇಶ. ಅಕ್ಕ ಹೋಗುವವಳಿದ್ದಳು, ನಾನು ಅಂದೇ ವಾಪಸು ಹೊರಟೆ. ಭಾವ ಕಾರಿನ ಕಿಟಕಿಗೆ ಬಗ್ಗಿ, “ಆ ಪದದ ಜಾಗ ಖಾಲಿ ಬಿಡು. ಕನ್ನಡದ ಪದ ನಾಡಿದ್ದು ನಾನು ಹೇಳ್ತೇನೆ,” ಎಂದರು. ನಗುತ್ತಿದ್ದರೇ? ಮಾಸ್ಕ್ ಇತ್ತು.

ಮರುದಿನ ಬೆಳಿಗ್ಗೆಯೆಲ್ಲ ಫೋನ್ ನೋಡಲು ಹೆದರಿದೆ. ಮಧ್ಯಾಹ್ನ ಅಕ್ಕನ ಕರೆ ಬಂತು. ಭಾವ ಬದುಕಿದ್ದರು.

ಈಗ ಮತ್ತೆ ಮೊದಲಿನ ಮೌನ. ಬೇರೆ ಪದಗಳನ್ನು ಕೇಳಿದರೆ ಹೇಳುತ್ತಾರೆ. ಆ ಒಂದನ್ನು ಅವರಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ನುಂಗಿದ ಅರ್ಧ ಅವರಿಗೆ ಮೊದಲೇ ಗೊತ್ತಿತ್ತೇ, ನನಗೆ ತಿಳಿಯದು.