ಮೋಡದ ಕೆಳಗಿನ ಪಟ್ಟಿ

ಈ ಜುಲೈ ಮೂರನೇ ವಾರ ಉತ್ತರ ಧ್ರುವದ ಸಮುದ್ರದಲ್ಲಿ ಸರಕು ಹಡಗೊಂದು ಮಂಜುಗಡ್ಡೆಯ ಅಂಚಿಗೆ ಬಂದು ನಿಂತಿತು. ಅದರ ಎರಡನೇ ಎಂಜಿನಿಯರ್, ಮಸ್ಕತ್‌ನ ಅಲ್ ಅಜೈಬಾದಲ್ಲಿ ನಮ್ಮ ಎದುರು ಮನೆಯವರು. ಮುಂದಿನ ಬಂದರಿನಲ್ಲಿ ಇಳಿದು, ಹೆಂಡತಿಯ ಹೆರಿಗೆಯ ಹೊತ್ತಿಗೆ ಮಸ್ಕತ್ ಸೇರಬೇಕಿತ್ತು.

ಆ ಸಮುದ್ರದ ಮೇಲೆ ವಿಮಾನದಿಂದ ತೆಗೆದ ಚಿತ್ರಗಳು ಅಲ್ ಖುವೈರ್‌ನ ನಮ್ಮ ಕಚೇರಿಗೆ ಬರುತ್ತವೆ. ಅವನ್ನು ನೋಡಿ ಹಡಗುಗಳಿಗೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಹಿಂದೆ ಎರಡು ಬೇಸಿಗೆ ನಾನೇ ಆ ವಿಮಾನದಲ್ಲಿದ್ದೆ. ಕಿಟಕಿಗೆ ಹಣೆ ಹಚ್ಚಿ, ಕೆಳಗೆ ಹತ್ತರಲ್ಲಿ ಎಷ್ಟು ಪಾಲು ಮಂಜುಗಡ್ಡೆ, ಎಷ್ಟು ನೀರು ಎಂದು ಗಂಟೆಗಟ್ಟಲೆ ಹೇಳುತ್ತಾ ಕೂರಬೇಕಿತ್ತು. ಆಗ ಬಿಳುಪಿಗೆ ಕಣ್ಣು ಉರಿಯುತ್ತಿತ್ತು. ಈಗ ಕಂಪ್ಯೂಟರಿನ ಮುಂದೆಯೂ ಉರಿಯುತ್ತದೆ. ಮೋಡ ಅಡ್ಡ ಬಂದರೆ ಊಹಿಸಬಾರದು, ಕಾಣಲಿಲ್ಲ ಎಂದೇ ಬರೆಯಬೇಕು ಎನ್ನುವುದು ಅಲ್ಲಿ ಕಲಿತ ನಿಯಮ. ನಕ್ಷೆಯಲ್ಲಿ ಆ ಜಾಗಕ್ಕೆ ಓರೆಗೆರೆ ಎಳೆಯುತ್ತೇವೆ.

ಆ ವಾರ ಹಡಗಿನ ಎದುರಿನ ಸಮುದ್ರದ ಪಟ್ಟಿಯ ಮೇಲೆ ಮೋಡ ಕೂತಿತ್ತು. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಆ ಕಡೆ ನೀರು, ಈ ಕಡೆ ನೀರು. ನಡುವೆ ಇನ್ನೇನಿರುತ್ತೆ ಭಾಯ್? ನೀರು ಅಂತ ಹಾಕಿ, ಖಲಾಸ್."

"ಕಂಡಿಲ್ಲ ಸರ್."

"ಹಡಗಿನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ."

ನೀರು ಎಂದು ಹಾಕಿದ್ದರೆ ಹಡಗು ಅವತ್ತೇ ಹೊರಡುತ್ತಿತ್ತು. ಓರೆಗೆರೆ ಎಳೆದು ಕಳಿಸಿದೆ.

ಸಂಜೆ ನಮ್ಮ ಮನೆಯ ಕಟ್ಟಡದ ಲಿಫ್ಟಿನಲ್ಲಿ ಎಂಜಿನಿಯರರ ಹೆಂಡತಿ ಸಿಕ್ಕಳು. ಮಂಗಳೂರಿನ ಕಡೆಯವಳು, ತುಂಬು ಬಸುರಿ.

"ಎಂತ ಅಣ್ಣಾ, ಇವತ್ತಾದ್ರೂ ದಾರಿ ಉಂಟಾ?"

"ಇಲ್ಲವ್ವಾ. ಮೋಡ ಐತಿ."

"ಮೋಡದ ಕೆಳಗೆ?"

"ಗೊತ್ತಿಲ್ಲ ತಂಗಿ."

"ದಿನವಿಡೀ ಐಸ್ ನೋಡ್ತೀರಿ, ಕೇಳಿದ್ರೆ ಗೊತ್ತಿಲ್ಲ ಅಂತೀರಿ. ನಿಮ್ಮ ಮನೆಯ ಎಸಿಯ ಹಾಗೆ. ಶಬ್ದ ಉಂಟು, ತಂಪಿಲ್ಲ."

ಇಬ್ಬರೂ ನಕ್ಕೆವು. ಲಿಫ್ಟ್ ನಿಂತಾಗ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, "ಅವ್ರು ಬರುವವರೆಗೆ ಇದು ಕಾಯ್ಬೇಕಲ್ಲ" ಎಂದಳು.

ಮರುದಿನ ವಿಮಾನ ಮತ್ತೆ ಹಾರಿತು. ಮಂಜು ನೀರಿನ ಮಟ್ಟದವರೆಗೂ ಇಳಿದಿದ್ದರಿಂದ ಪೈಲಟ್ ಕೆಳಗಿಳಿಸಲಿಲ್ಲ. ಅದೇ ಪಟ್ಟಿಗೆ ಮತ್ತೆ ಓರೆಗೆರೆ ಎಳೆದೆ. ಮ್ಯಾನೇಜರ್ ಈ ಸಲ ಹತ್ತಿರ ಬರಲಿಲ್ಲ. ಸಂಜೆ ಲಿಫ್ಟಿನಲ್ಲಿ ಅವಳು ನನ್ನ ಮುಖ ನೋಡಿ, ತಾನೇ ಗುಂಡಿ ಒತ್ತಿದಳು.

ಗುರುವಾರ ಬೆಳಿಗ್ಗೆ ನನ್ನ ಹೆಂಡತಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಇವತ್ತಿನ ಚಿತ್ರಗಳಲ್ಲೂ ಆ ಪಟ್ಟಿಯ ಮೇಲೆ ಮೋಡವಿದೆ. ಹಡಗು ಅಂಚಿನಲ್ಲೇ ನಿಂತಿದೆ.